ಬಿಟ್ಟ ಯೂನಿಟ್ ಮತ್ತೆಲ್ಲಿ ಎದುರಾಗುತ್ತದೆ: ಗಣಿತ ಪದವಿಯ ಮೂರು ವರ್ಷಗಳ ಲೆಕ್ಕಾಚಾರ

ಮಡಿಕೇರಿಯಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ನಾಪೋಕ್ಲು, ಸಿದ್ದಾಪುರ, ಶನಿವಾರಸಂತೆ ಕಡೆಯಿಂದೆಲ್ಲ ಬಸ್ಸು ಹಿಡಿದು ಬಂದಿದ್ದೀರಿ. ಪೀಠಿಕೆಗೆ ಹೊತ್ತು ತೆಗೆದುಕೊಳ್ಳದೆ ವಿಷಯಕ್ಕೆ ಬರುತ್ತೇನೆ.

ಡಿಗ್ರಿ ಪ್ರಶ್ನೆಪತ್ರಿಕೆಯಲ್ಲಿ ಚಾಯ್ಸ್ ಇರುತ್ತದೆ. ಆರರಲ್ಲಿ ನಾಲ್ಕಕ್ಕೆ ಉತ್ತರಿಸಿ, ಎಂಟರಲ್ಲಿ ಐದಕ್ಕೆ ಉತ್ತರಿಸಿ ಎಂದು. ಇದನ್ನು ನೋಡಿಕೊಂಡು ಒಂದು ಯೂನಿಟ್ಟನ್ನೇ ಪೂರ್ತಿ ಬಿಟ್ಟುಬಿಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ‘ಅದು ಬಿಟ್ಟರೂ ಅರವತ್ತು ಬರುತ್ತೆ’ ಎಂದು ಹಿಂದಿನ ಬ್ಯಾಚಿನವರೇ ಹೇಳಿಕೊಟ್ಟಿರುತ್ತಾರೆ. ಅಂಕದ ಮಟ್ಟಿಗೆ ಅವರು ಹೇಳಿದ್ದು ನಿಜ. ತೊಂದರೆ ಶುರುವಾಗುವುದು ಎರಡು ಸೆಮಿಸ್ಟರ್ ಕಳೆದ ಮೇಲೆ. ಅಂದು ಬಿಟ್ಟ ಯೂನಿಟ್ ಬೇರೆ ಹೆಸರು ಹೊತ್ತುಕೊಂಡು ಮುಂದಿನ ಪೇಪರಿನ ಮೊದಲ ಪುಟದಲ್ಲೇ ನಿಂತಿರುತ್ತದೆ. ಆಗ ಆ ಪೇಪರ್ ಕಷ್ಟ ಎನಿಸುತ್ತದೆ, ಪಾಠ ಅರ್ಥವಾಗುತ್ತಿಲ್ಲ ಎನಿಸುತ್ತದೆ, ಕೊನೆಗೆ ಗಣಿತವೇ ನನಗೆ ಹೇಳಿ ಮಾಡಿಸಿದ್ದಲ್ಲ ಎನಿಸಿಬಿಡುತ್ತದೆ. ಒಳ್ಳೆಯ ವಿದ್ಯಾರ್ಥಿಗಳು ಹೀಗೆ ಕೈಬಿಟ್ಟು ಹೋಗುವುದು ನಮಗೆ ಬೇಸರದ ಸಂಗತಿ. ಏಕೆಂದರೆ ಮೊದಲ ವರ್ಷದಲ್ಲಿ ಹತ್ತು ದಿನ ಹೆಚ್ಚು ಕೊಟ್ಟಿದ್ದರೆ ತಪ್ಪುತ್ತಿದ್ದ ಕಷ್ಟ ಅದು.

ಮೂರು ವರ್ಷದ ಯೋಜನೆ ಎಂದಾಗ ಬಹಳ ಮಂದಿ ಟೈಮ್‌ಟೇಬಲ್ ಬರೆಯಲು ಕೂರುತ್ತಾರೆ. ಅದು ಎರಡನೆಯ ಕೆಲಸ. ಯಾವ ಪಾಠದ ಮೇಲೆ ಯಾವ ಪಾಠ ನಿಂತಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಮೊದಲನೆಯದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಈಕ್ವಿವಲೆನ್ಸ್ ರಿಲೇಶನ್, ಕನ್ನಡದಲ್ಲಿ ಸಮಾನತಾ ಸಂಬಂಧ. ಪಿಯುಸಿಯಲ್ಲೇ ನೋಡಿದ್ದೀರಿ. ಡಿಗ್ರಿಯ ಮೊದಲ ವರ್ಷದ ಬೀಜಗಣಿತದಲ್ಲಿ ಮತ್ತೆ ಬರುತ್ತದೆ. ರಿಫ್ಲೆಕ್ಸಿವ್, ಸಿಮೆಟ್ರಿಕ್, ಟ್ರಾನ್ಸಿಟಿವ್ ಎಂದು ಮೂರು ಸಾಲು ಪರಿಶೀಲಿಸಿ ಎಲ್ಲರೂ ಮುಂದೆ ಹೋಗುತ್ತಾರೆ. ಆದರೆ ಅದರ ಸಾರ ಆ ಮೂರು ಸಾಲಿನ ಆಚೆಗಿದೆ. ಸಮಾನತಾ ಸಂಬಂಧ ಒಂದು ಗಣವನ್ನು ಮನೆಮನೆಗಳಾಗಿ ಹಂಚುತ್ತದೆ. ಎರಡು ಮನೆಗೆ ಸೇರಿದವರು ಇರುವುದಿಲ್ಲ, ಯಾವ ಮನೆಗೂ ಸೇರದವರೂ ಇರುವುದಿಲ್ಲ. ನಮ್ಮಲ್ಲಿ ಕೊಡವರ ಒಕ್ಕಗಳು, ಅಂದರೆ ಮನೆತನಗಳು, ಇದ್ದಹಾಗೆ. ಬೇಸಿಗೆಯ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನೇ ನೆನೆಸಿಕೊಳ್ಳಿ. ಅಲ್ಲಿ ಪಟ್ಟಿಯಲ್ಲಿರುವುದು ಒಕ್ಕಗಳ ಹೆಸರು, ಆಟಗಾರರ ಹೆಸರಲ್ಲ. ಜನರ ಗಣದಿಂದ ಒಕ್ಕಗಳ ಗಣಕ್ಕೆ ಹೋದಿರಿ. ಗಣಿತದಲ್ಲಿ ಈ ಎರಡನೆಯ ಗಣಕ್ಕೆ ಕೋಶೆಂಟ್ ಎನ್ನುತ್ತೇವೆ.

ಈಗ ಪೂರ್ಣಾಂಕಗಳಿಗೆ ಬನ್ನಿ. ಎರಡು ಸಂಖ್ಯೆಗಳ ವ್ಯತ್ಯಾಸ 5ರಿಂದ ನಿಶ್ಶೇಷವಾಗಿ ಭಾಗವಾದರೆ ಅವು ಒಂದೇ ಮನೆಯವು ಎಂದಿಟ್ಟುಕೊಳ್ಳಿ. ಒಟ್ಟು ಐದು ಮನೆ: 0, 1, 2, 3, 4. ಸಂಖ್ಯೆ 7 ಇರುವುದು 2ರ ಮನೆಯಲ್ಲಿ, 9 ಇರುವುದು 4ರ ಮನೆಯಲ್ಲಿ. ಕೂಡಿದರೆ 16, ಅದು 1ರ ಮನೆಯದು. ಅದೇ ಮನೆಗಳಿಂದ ಬೇರೆಯವರನ್ನು ಕರೆಯೋಣ, 7ರ ಬದಲು 12, 9ರ ಬದಲು −1. ಕೂಡಿದರೆ 11, ಅದೂ 1ರ ಮನೆಯದೇ. ಮನೆಯ ಪರವಾಗಿ ಯಾರು ಬಂದರೂ ಉತ್ತರ ಬದಲಾಗಲಿಲ್ಲ. ಹಾಗಾಗಿ ‘ಮನೆಗಳನ್ನು ಕೂಡುವುದು’ ಎಂಬ ಮಾತಿಗೆ ಅರ್ಥ ಬಂತು. ವೆಲ್ ಡಿಫೈನ್ಡ್ ಎನ್ನುವುದು ಇದನ್ನೇ. ಎಲ್ಲ ಪ್ರಶ್ನೆಗೂ ಹೀಗೆ ಅರ್ಥ ಬರುವುದಿಲ್ಲ. ‘ಈ ಮನೆ ಸಮವೋ ಬೆಸವೋ’ ಎಂದು ಕೇಳಿ ನೋಡಿ. 2 ಸಮ, 7 ಬೆಸ, ಇಬ್ಬರೂ ಒಂದೇ ಮನೆಯವರು. ಆ ಪ್ರಶ್ನೆಯನ್ನು ಮನೆಗೆ ಕೇಳುವ ಹಾಗೇ ಇಲ್ಲ.

ಇಷ್ಟನ್ನು ಒಂದು ಸಂಜೆ ಕೂತು ಕೈಯಾರೆ ಮಾಡಿದವರಿಗೆ ಮುಂದೆ ಏನೇನು ಸುಲಭವಾಗುತ್ತದೆ ನೋಡಿ. ಗ್ರೂಪ್ ಥಿಯರಿಯ ಕೋಸೆಟ್ ಎಂದರೆ ಇವೇ ಮನೆಗಳು. ಎಲ್ಲ ಮನೆಗಳಲ್ಲೂ ಸದಸ್ಯರ ಸಂಖ್ಯೆ ಒಂದೇ ಎಂದು ತೋರಿಸಿದರೆ ಲಗ್ರಾಂಜ್ ಪ್ರಮೇಯ ಬಂದೇಬಿಟ್ಟಿತು. ಮನೆಗಳ ಗುಣಾಕಾರ ವೆಲ್ ಡಿಫೈನ್ಡ್ ಆಗಲು ಯಾವ ಷರತ್ತು ಬೇಕು ಎಂದು ಕೇಳಿದರೆ ನಾರ್ಮಲ್ ಸಬ್‌ಗ್ರೂಪ್. ಅದೇ ಪ್ರಶ್ನೆಯನ್ನು ರಿಂಗ್‌ಗೆ ಕೇಳಿದರೆ ಐಡಿಯಲ್. ವೆಕ್ಟರ್ ಸ್ಪೇಸ್‌ಗೆ ಕೇಳಿದರೆ ಯಾವ ಸಬ್‌ಸ್ಪೇಸ್ ಆದರೂ ಸಾಕು, ಸಿಗುವುದು ಕೋಶೆಂಟ್ ಸ್ಪೇಸ್. ನಾಲ್ಕು ಅಧ್ಯಾಯಗಳ ವ್ಯಾಖ್ಯೆಗಳು ಒಂದೇ ಬುಡದಿಂದ ಹೊರಡುತ್ತವೆ. ಆ ಬುಡ ಬಿಟ್ಟವರು ನಾಲ್ಕನ್ನೂ ಬೇರೆಬೇರೆಯಾಗಿ ಉರು ಹೊಡೆಯಬೇಕು, ಪ್ರತಿ ಪರೀಕ್ಷೆಯ ನಂತರ ಮರೆಯಬೇಕು.

ಹಾಳೆಗೆ ಬರೋಣ. ನಿಮ್ಮ ಬ್ಯಾಚಿನ ಆರೂ ಸೆಮಿಸ್ಟರಿನ ಸಿಲಬಸ್ ಮೊದಲ ವಾರವೇ ಪ್ರಿಂಟ್ ತೆಗೆದುಕೊಳ್ಳಿ. ‘ನಿಮ್ಮ ಬ್ಯಾಚಿನ’ ಎಂಬುದಕ್ಕೆ ಒತ್ತು ಕೊಡುತ್ತೇನೆ. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ನಮ್ಮ ಜಿಲ್ಲೆಯ ಕಾಲೇಜುಗಳು ಬಹುಕಾಲ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆದದ್ದು ಈಚೆಗೆ. ಹಾಗಾಗಿ ಅಕ್ಕನೋ ಅಣ್ಣನೋ ಕೊಟ್ಟ ನೋಟ್ಸ್ ಚೆನ್ನಾಗಿದ್ದರೂ ಪೇಪರಿನ ಹೆಸರು, ಯೂನಿಟ್‌ನ ಕ್ರಮ, ಪ್ರಶ್ನೆಪತ್ರಿಕೆಯ ಮಾದರಿ ಮೂರೂ ಬೇರೆಯಾಗಿರಬಹುದು. ನೋಟ್ಸ್ ಇಟ್ಟುಕೊಳ್ಳಿ, ಸಿಲಬಸ್ ಮಾತ್ರ ಹೊಸದು ನೋಡಿ.

ಸಿಲಬಸ್ ಪಕ್ಕದಲ್ಲಿಟ್ಟುಕೊಂಡು ಹಾಳೆಯ ಮೇಲೆ ಎರಡು ಸಾಲು ಎಳೆಯಿರಿ. ಒಂದು ಸಾಲು ಕಲನಶಾಸ್ತ್ರದ್ದು. ಒಂದು ಚರದ ಕಲನದಿಂದ ಹೊರಟು ಅನುಕ್ರಮ ಮತ್ತು ಶ್ರೇಣಿ, ರಿಯಲ್ ಅನಾಲಿಸಿಸ್, ಅಲ್ಲಿಂದ ಕಾಂಪ್ಲೆಕ್ಸ್ ಅನಾಲಿಸಿಸ್. ಇನ್ನೊಂದು ಬೀಜಗಣಿತದ್ದು. ಗಣ, ಸಂಬಂಧ, ಸಂಖ್ಯಾ ಸಿದ್ಧಾಂತದ ಭಾಜ್ಯತೆ, ಅಲ್ಲಿಂದ ಗ್ರೂಪ್, ರಿಂಗ್. ಪಕ್ಕದಲ್ಲಿ ಮಾತೃಕೆಗಳಿಂದ ಲೀನಿಯರ್ ಆಲ್ಜೀಬ್ರಾ. ಅವಕಲ ಸಮೀಕರಣ, ಬಹುಚರ ಕಲನ, ನ್ಯೂಮರಿಕಲ್ ಅನಾಲಿಸಿಸ್ ಈ ಮೂರಕ್ಕೂ ಎರಡೂ ಸಾಲಿನಿಂದ ಬಾಣ ಬರುತ್ತದೆ. ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಶನ್‌ಗೆ ಸಾಮಾನ್ಯ ಅವಕಲ ಸಮೀಕರಣ ಮತ್ತು ಬಹುಚರ ಕಲನ ಎರಡೂ ಮುಗಿದಿರಬೇಕು. ಬಾಣ ಹೆಚ್ಚು ಹೊರಡುವ ಪಾಠ ಯಾವುದೋ ಅದಕ್ಕೆ ಕೆಂಪು ಗುರುತು ಹಾಕಿ. ಆ ಯೂನಿಟ್ ಬಿಡುವಂತಿಲ್ಲ. ಯಾವ ಬಾಣವೂ ಹೊರಡದ ಪಾಠಗಳೂ ಕೆಲವು ಇರುತ್ತವೆ. ಕಾಯಿಲೆ, ಮನೆ ಕೆಲಸ, ಏನೋ ಒಂದು ಬಂದು ಸಮಯ ಕಡಿಮೆಯಾದಾಗ ಕೈ ಬಿಗಿ ಮಾಡಬೇಕಾದದ್ದು ಅಲ್ಲಿ.

ಈ ಹಾಳೆ ಬರೆದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ನಮ್ಮ ರಾಜ್ಯದ ಹಲವು ಪಠ್ಯಕ್ರಮಗಳಲ್ಲಿ ಲೀನಿಯರ್ ಆಲ್ಜೀಬ್ರಾ ಇರುವುದು ಕೊನೆಯ ವರ್ಷದಲ್ಲಿ. ಅದರಿಂದ ಬಾಣ ಪಡೆಯುವ ಪಾಠಗಳು ಎರಡನೇ ವರ್ಷದಲ್ಲೇ ಬಂದು ಹೋಗಿರುತ್ತವೆ. ಅವಕಲ ಸಮೀಕರಣದ ಕ್ಲಾಸಿನಲ್ಲಿ ‘ಪೂರ್ಣ ಪರಿಹಾರ ಎಂದರೆ ಕಾಂಪ್ಲಿಮೆಂಟರಿ ಫಂಕ್ಷನ್ ಪ್ಲಸ್ ಪರ್ಟಿಕ್ಯುಲರ್ ಇಂಟಿಗ್ರಲ್’ ಎಂದು ಬರೆಸುತ್ತಾರೆ. ಏಕೆ ಹಾಗೆ? ಎರಡನೇ ದರ್ಜೆಯ ಸಮೀಕರಣಕ್ಕೆ ಎರಡೇ ಸ್ಥಿರಾಂಕ ಏಕೆ, ಮೂರೇಕಲ್ಲ? ಬಲಗಡೆ ಸೊನ್ನೆ ಇರುವ ರೇಖೀಯ ಸಮೀಕರಣದ ಪರಿಹಾರಗಳೆಲ್ಲ ಸೇರಿ ಎರಡು ಆಯಾಮದ ವೆಕ್ಟರ್ ಸ್ಪೇಸ್ ಆಗುತ್ತವೆ, ಅದಕ್ಕೆ ಎರಡು ಸ್ಥಿರಾಂಕ. ಬಲಗಡೆ ಸೊನ್ನೆ ಅಲ್ಲದಿದ್ದರೆ ಒಂದು ಪರಿಹಾರ ಸಿಕ್ಕ ಮೇಲೆ ಉಳಿದೆಲ್ಲವೂ ಅದಕ್ಕೆ ಈ ಸ್ಪೇಸಿನ ಸದಸ್ಯರನ್ನು ಕೂಡಿದಾಗ ಸಿಗುತ್ತವೆ. ಮಾತೃಕೆಯ ಸಮೀಕರಣ ಬಿಡಿಸುವಾಗಲೂ ನಡೆಯುವುದು ಇದೇ. ಇಷ್ಟು ಗೊತ್ತಿದ್ದರೆ ಅರ್ಧ ಅಧ್ಯಾಯ ಉರು ಹೊಡೆಯುವುದು ತಪ್ಪುತ್ತದೆ.

ಅದಕ್ಕೆ ನಮ್ಮ ಸಲಹೆ: ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಸಿಗುವ ಬಿಡುವಿನಿಂದ ಶುರುಮಾಡಿ, ಎಂಟು ವಾರ, ವಾರಕ್ಕೆ 5 ಗಂಟೆ, ಒಟ್ಟು 40 ಗಂಟೆ ಲೀನಿಯರ್ ಆಲ್ಜೀಬ್ರಾಕ್ಕೆ ಕೊಡಿ. ಸಾಲು ಪರಿವರ್ತನೆಯಿಂದ ಸಮೀಕರಣ ಬಿಡಿಸುವುದು, ಸ್ಪ್ಯಾನ್, ರೇಖೀಯ ಸ್ವಾತಂತ್ರ್ಯ, ಬೇಸಿಸ್, ಆಯಾಮ, ಲೀನಿಯರ್ ಮ್ಯಾಪ್, ಅದರ ಕರ್ನೆಲ್ ಮತ್ತು ಇಮೇಜ್, ರ‍್ಯಾಂಕ್-ನಲಿಟಿ ಪ್ರಮೇಯ, ಕೊನೆಯಲ್ಲಿ ಐಗನ್ ವ್ಯಾಲ್ಯೂ. ಇನ್ನರ್ ಪ್ರಾಡಕ್ಟ್ ಆಮೇಲೆ ನೋಡಿದರಾಯಿತು. ಇಲ್ಲಿ ಎಡವುವ ಜಾಗ ಒಂದೇ. ಮೂರಕ್ಕೆ ಮೂರು ಮಾತೃಕೆಯ ಲೆಕ್ಕಗಳನ್ನು ರಾಶಿಗಟ್ಟಲೆ ಮಾಡಿ, ಆಯಾಮ ಎಂಬ ಕಲ್ಪನೆಗೆ ಬರುವ ಹೊತ್ತಿಗೆ ರಜೆ ಮುಗಿದಿರುತ್ತದೆ. ಲೆಕ್ಕಕ್ಕೆ ಎರಡು ವಾರಕ್ಕಿಂತ ಹೆಚ್ಚು ಕೊಡಬೇಡಿ. ಇಡೀ ಸಿಲಬಸ್ಸಿನಲ್ಲಿ ಒಂದೇ ಒಂದು ಪಾಠವನ್ನು ಮುಂಚಿತವಾಗಿ ಓದಬಹುದು ಎಂದರೆ ನಾವು ತೋರಿಸುವುದು ಇದನ್ನೇ.

ರಿಯಲ್ ಅನಾಲಿಸಿಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗಣಿತ ತೆಗೆದುಕೊಂಡವರು ಹಿಂದೆ ಬೀಳುವುದು ಹೆಚ್ಚಾಗಿ ಇಲ್ಲೇ. ಪಿಯುಸಿಯವರೆಗೆ ಗಣಿತ ಎಂದರೆ ಉತ್ತರ ತೆಗೆಯುವುದು. ಇಲ್ಲಿ ಉತ್ತರ ಮೊದಲೇ ಕೊಟ್ಟಿರುತ್ತಾರೆ, ಸಾಧನೆ, ಅಂದರೆ ಪ್ರೂಫ್, ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ಒಂದು ಭಾಷೆಯ ತೊಡಕಿದೆ. ಈ ವಾಕ್ಯ ನೋಡಿ: ‘ಪ್ರತಿ ಊರಿಗೂ ಒಂದು ಬಸ್ಸಿದೆ.’ ನಾಪೋಕ್ಲಿಗೆ ಒಂದು, ಸೋಮವಾರಪೇಟೆಗೆ ಇನ್ನೊಂದು, ವಿರಾಜಪೇಟೆಗೆ ಮತ್ತೊಂದು ಎಂದು ನಾವು ತಿಳಿಯುತ್ತೇವೆ. ಈಗ ಪದಗಳ ಜಾಗ ಬದಲಿಸಿ: ‘ಒಂದು ಬಸ್ಸಿದೆ, ಅದು ಪ್ರತಿ ಊರಿಗೂ ಹೋಗುತ್ತದೆ.’ ಒಂದೇ ಬಸ್ಸು ಜಿಲ್ಲೆಯೆಲ್ಲ ಸುತ್ತಬೇಕು. ಪದಗಳು ಅವೇ, ಅರ್ಥ ಪೂರ್ತಿ ಬೇರೆ.

ಅನುಕ್ರಮದ ಅಭಿಸರಣದ (ಕನ್ವರ್ಜೆನ್ಸ್) ವ್ಯಾಖ್ಯೆ ಮೊದಲ ವಾಕ್ಯದ ಜಾತಿಯದು. ಎಪ್ಸಿಲಾನ್ ಎಂದರೆ ಎಷ್ಟು ಬೇಕಾದರೂ ಚಿಕ್ಕದಿರಬಹುದಾದ ಒಂದು ಧನ ಸಂಖ್ಯೆ; ಪ್ರತಿ ಎಪ್ಸಿಲಾನ್‌ಗೂ ಒಂದು ದೊಡ್ಡ ಎನ್ ಇದೆ, ಅಲ್ಲಿಂದಾಚೆಯ ಪದಗಳೆಲ್ಲ ಮಿತಿಯಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿವೆ. ಎಪ್ಸಿಲಾನ್ ಬದಲಾದರೆ ಎನ್ ಬದಲಾಗಬಹುದು, ಊರು ಬದಲಾದರೆ ಬಸ್ಸು ಬದಲಾದ ಹಾಗೆ. ಕ್ರಮ ತಿರುಗಿಸಿ ‘ಒಂದು ಎನ್ ಇದೆ, ಅದು ಪ್ರತಿ ಎಪ್ಸಿಲಾನ್‌ಗೂ ಸಾಕು’ ಎಂದು ಬರೆದಿರೋ, ಆ ಎನ್‌ನ ನಂತರದ ಪದಗಳೆಲ್ಲ ಮಿತಿಗೇ ಸಮ ಎಂದಾಗಿಬಿಡುತ್ತದೆ. ಆಗ 1, 1/2, 1/3 ಎಂದು ಹೋಗುವ ಅನುಕ್ರಮವೂ ಸೊನ್ನೆಗೆ ಅಭಿಸರಿಸುವುದಿಲ್ಲ! ಉತ್ತರಪತ್ರಿಕೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮುಂದೆ ಕಂಟಿನ್ಯುಟಿ ಮತ್ತು ಯೂನಿಫಾರ್ಮ್ ಕಂಟಿನ್ಯುಟಿ ನಡುವಿನ ಅಂತರವೂ ಬಸ್ಸಿನದೇ. ಮೊದಲನೆಯದರಲ್ಲಿ ಡೆಲ್ಟಾ ಬಿಂದುವಿನಿಂದ ಬಿಂದುವಿಗೆ ಬದಲಾಗಬಹುದು, ಎರಡನೆಯದರಲ್ಲಿ ಒಂದೇ ಡೆಲ್ಟಾ ಎಲ್ಲ ಬಿಂದುಗಳಿಗೂ ಸಾಲಬೇಕು.

ಒಂದು ಲೆಕ್ಕ ಮಾಡಿಯೇ ಬಿಡೋಣ. (3ಎನ್+1)/(ಎನ್+2) ಎಂಬ ಅನುಕ್ರಮ 3ಕ್ಕೆ ಅಭಿಸರಿಸುತ್ತದೆ ಎಂದು ತೋರಿಸಬೇಕು. ಮೊದಲು ವ್ಯತ್ಯಾಸ ತೆಗೆಯಿರಿ. 3ನ್ನು ಕಳೆದರೆ ಮೇಲೆ −5 ಉಳಿಯುತ್ತದೆ, ದೂರ 5/(ಎನ್+2). ಇದು 5/ಎನ್‌ಗಿಂತ ಚಿಕ್ಕದು. ಹಾಗಾಗಿ ಎನ್ 5/ಎಪ್ಸಿಲಾನ್‌ಗಿಂತ ದೊಡ್ಡದಾದರೆ ಕೆಲಸ ಮುಗಿಯಿತು. ಎಪ್ಸಿಲಾನ್ 0.01 ಎಂದರೆ 500ರ ನಂತರದ ಪದಗಳೆಲ್ಲ ಸರಿ. ಇಲ್ಲಿ ಕೆಲವರು ‘ಸಾರ್, ಸರಿಯಾಗಿ ಲೆಕ್ಕ ಹಾಕಿದರೆ 498 ಸಾಕಲ್ಲ’ ಎಂದು ಕೇಳುತ್ತಾರೆ. ಸಾಕು, ಆದರೆ ಬೇಕಿಲ್ಲ. ವ್ಯಾಖ್ಯೆ ಕೇಳುವುದು ಒಂದು ಎನ್ ಇದೆಯೇ ಎಂದು ಮಾತ್ರ, ಅತಿ ಚಿಕ್ಕದನ್ನು ಕೇಳುವುದಿಲ್ಲ. ಇದು ತಿಳಿಯದೆ ಅಸಮಾನತೆಗಳ ಜೊತೆ ಗುದ್ದಾಡಿ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷ ಕಳೆಯುವವರಿದ್ದಾರೆ. ಇನ್ನೊಂದು ಎಚ್ಚರಿಕೆ. ವ್ಯತ್ಯಾಸ ತೆಗೆದು ಎನ್ ಹುಡುಕುವುದು ಕಚ್ಚಾ ಕೆಲಸ. ಉತ್ತರಪತ್ರಿಕೆಯಲ್ಲಿ ಕ್ರಮ ತಿರುಗಬೇಕು: ‘ಎಪ್ಸಿಲಾನ್ ಕೊಟ್ಟಿದೆ’ ಎಂದು ಶುರು, ನಂತರ ಎನ್ ಆರಿಸಿ, ನಂತರ ಅಸಮಾನತೆ. ಕಚ್ಚಾ ಕೆಲಸವನ್ನೇ ಸಾಧನೆ ಎಂದು ಬರೆದರೆ ಅಂಕ ಹೋಗುತ್ತದೆ.

ಅನಾಲಿಸಿಸ್ ಪೇಪರ್ ಮೂರನೇ ಸೆಮಿಸ್ಟರಿನಲ್ಲಿದ್ದರೂ ಸಾಧನೆ ಬರೆಯುವ ಅಭ್ಯಾಸ ಮೊದಲ ಸೆಮಿಸ್ಟರಿನಿಂದಲೇ ಆಗಬೇಕು. ವಿಧಾನ ಸರಳ. ಕ್ಲಾಸಿನಲ್ಲಿ ಆದ ಪ್ರಮೇಯವನ್ನು ಅದೇ ದಿನ ಪುಸ್ತಕ ಮುಚ್ಚಿ ಬರೆಯಿರಿ. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ಗುರುತು ಹಾಕಿ, ಪುಸ್ತಕ ತೆರೆದು ಆ ಒಂದು ಸಾಲು ಮಾತ್ರ ನೋಡಿ, ಮತ್ತೆ ಮುಚ್ಚಿ. ಪೆನ್ನು ನಿಂತ ಸಾಲೇ ಆ ಸಾಧನೆಯ ತಿರುಳು. ಆಮೇಲೆ ಪ್ರಮೇಯದ ಒಂದೊಂದೇ ಷರತ್ತು ತೆಗೆದು ನೋಡಿ. ಮುಚ್ಚಿದ ಅಂತರದ ಮೇಲೆ ಕಂಟಿನ್ಯುಯಸ್ ಆದ ಫಲನ ಪರಿಮಿತ (ಬೌಂಡೆಡ್) ಎನ್ನುತ್ತದೆ ಪ್ರಮೇಯ. ‘ಮುಚ್ಚಿದ’ ಎಂಬ ಪದ ತೆಗೆದರೆ? 0 ಮತ್ತು 1ರ ನಡುವಿನ ತೆರೆದ ಅಂತರದಲ್ಲಿ 1/ಎಕ್ಸ್ ಕೈಗೆ ಸಿಗದೆ ಏರುತ್ತದೆ. ಇಂಥ ಪ್ರತ್ಯುದಾಹರಣೆಗಳಿಗೆ ಒಂದು ಬೇರೆ ನೋಟ್‌ಬುಕ್ ಇಡಿ. ವಾರಕ್ಕೆ ಎರಡು ಸೇರಿಸಿದರೂ ಐದನೇ ಸೆಮಿಸ್ಟರಿನ ಹೊತ್ತಿಗೆ ನೂರಕ್ಕೂ ಹೆಚ್ಚು ಆಗಿರುತ್ತವೆ.

ಇನ್ನು ಗಂಟೆಗಳ ಲೆಕ್ಕ. ಥಿಯರಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ 1 ಗಂಟೆ, ಲ್ಯಾಬ್‌ನಲ್ಲಿ 2 ಗಂಟೆ. ಮೂರು ಮುಖ್ಯ ವಿಷಯ, ಒಂದೊಂದಕ್ಕೂ 4 ಗಂಟೆ ಥಿಯರಿ, 4 ಗಂಟೆ ಲ್ಯಾಬ್ ಎಂದಿಟ್ಟುಕೊಂಡರೆ 24 ಗಂಟೆ. ಭಾಷೆಗಳು ಮತ್ತಿತರ ಪೇಪರ್ ಸೇರಿ ಇನ್ನೊಂದು 10. ಒಟ್ಟು 34. ಹಳ್ಳಿಯಿಂದ ಬರುವವರಿಗೆ ದಿನಕ್ಕೆ 2 ಗಂಟೆ ಬಸ್ಸು, ಆರು ದಿನಕ್ಕೆ 12. ನಿದ್ದೆ 56. ಊಟ, ಸ್ನಾನ, ಮನೆಗೆಲಸ ದಿನಕ್ಕೆ 3ರಂತೆ 21. ಕೂಡಿದರೆ 123. ವಾರದ 168ರಲ್ಲಿ ಉಳಿದದ್ದು 45. ಕಾಗದದ ಮೇಲಿನ 45ರಲ್ಲಿ ಅರ್ಧ ನಿಜವಾಗಿ ಕೈಗೆ ಸಿಕ್ಕರೆ ಹೆಚ್ಚು, 22 ಎನ್ನೋಣ. ಅದರಲ್ಲಿ ಗಣಿತಕ್ಕೆ 9, ಉಳಿದೆರಡು ವಿಷಯಕ್ಕೆ 4ರಂತೆ 8, ಲ್ಯಾಬ್ ರೆಕಾರ್ಡ್‌ಗೆ 3, ಭಾಷೆಗೆ 2. ಗಣಿತದ 9 ಗಂಟೆಯಲ್ಲಿ ನಾಲ್ಕು ಕ್ಲಾಸಿಗೆ ತಲಾ 45 ನಿಮಿಷ ಅದೇ ದಿನದ ಪುನರ್ಬರಹಕ್ಕೆ 3 ಗಂಟೆ, ಹೊಸ ಲೆಕ್ಕಗಳಿಗೆ 4, ಹಿಂದಿನ ಸೆಮಿಸ್ಟರಿನ ಯಾವುದಾದರೂ ಕೆಂಪು ಗುರುತಿನ ಪಾಠಕ್ಕೆ 1, ಲ್ಯಾಬ್ ಕೋಡ್‌ಗೆ 1. ನಿಮ್ಮ ಅಂಕಿಗಳು ಬೇರೆ ಇರಬಹುದು. ಹಿಂದಿನ ಪಾಠದ ಆ 1 ಗಂಟೆಯನ್ನು ಮಾತ್ರ ತೆಗೆಯಬೇಡಿ. ಕಾಫಿ ತೋಟ ಇರುವ ಮನೆಯವರಿಗೆ ಇದು ಹೇಳಬೇಕಿಲ್ಲ: ಹೂ ಅರಳಿಸುವ ಹೂಮಳೆ ಎಷ್ಟೇ ಚೆನ್ನಾಗಿ ಬಂದರೂ ಅದರ ಹಿಂದೆ ಬರಬೇಕಾದ ಎರಡನೆಯ ಮಳೆ ಕೈಕೊಟ್ಟರೆ ಕಾಯಿ ಕಚ್ಚುವುದಿಲ್ಲ.

ಪೋಷಕರಿಗೆ ಇಲ್ಲೊಂದು ಮಾತು. ನಮ್ಮ ಜಿಲ್ಲೆಯ ವರ್ಷಕ್ಕೂ ಕಾಲೇಜಿನ ವರ್ಷಕ್ಕೂ ಹೊಂದಾಣಿಕೆ ಕಡಿಮೆ. ಬೆಸ ಸೆಮಿಸ್ಟರ್ ನಡೆಯುವುದೇ ಮಳೆಗಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆಮೇಲೆ ಕೈಲ್‌ಮುಹೂರ್ತ, ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ, ನಂತರ ಹುತ್ತರಿ, ಹೀಗೆ ಹಬ್ಬದ ರಜೆಗಳು. ವಾರಕ್ಕೆ 4 ಕ್ಲಾಸಿನ ಪೇಪರಿಗೆ ಐದಾರು ದಿನ ರಜೆ ಬಿದ್ದರೆ ಹೋಗುವುದು ನಾಲ್ಕೇ ಕ್ಲಾಸು. ಆದರೆ ಅವು ಕೊನೆಯ ಯೂನಿಟ್ಟಿನಿಂದ ಕಡಿತವಾಗುತ್ತವೆ, ಅದನ್ನು ಓಡಿಸಿ ಮುಗಿಸುತ್ತಾರೆ. ನಿಮ್ಮ ಹಾಳೆಯಲ್ಲಿ ಆ ಕೊನೆಯ ಯೂನಿಟ್‌ಗೆ ಕೆಂಪು ಗುರುತಿದ್ದರೆ ಅದನ್ನು ಸೆಪ್ಟೆಂಬರ್‌ನಲ್ಲೇ ನೀವಾಗಿ ಒಮ್ಮೆ ಓದಿಡಿ.

ಮಳೆ ರಜೆಗೆ ಬೇಕಾದದ್ದನ್ನು ಜೂನ್‌ನಲ್ಲೇ ಹೊಂದಿಸಿಕೊಳ್ಳಿ. ಎನ್‌ಪಿಟಿಇಎಲ್‌ನ, ಅಂದರೆ ಐಐಟಿಗಳ ಉಚಿತ ಆನ್‌ಲೈನ್ ಪಾಠಗಳ, ವಿಡಿಯೊ ಮೊದಲೇ ಡೌನ್‌ಲೋಡ್, ಲೆಕ್ಕಗಳ ಹಾಳೆ ಪ್ರಿಂಟ್. ಗಣಿತಕ್ಕಿರುವ ಅನುಕೂಲವೇ ಅದು, ಕಾಗದ, ಪೆನ್ನು, ಚಿಮಣಿ ಬೆಳಕಲ್ಲೂ ಮುಂದುವರಿಯುತ್ತದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ನ ಕೋರ್ಸಿಗೆ ಸೇರುವುದಾದರೆ ಜುಲೈ ಕಂತಿಗಿಂತ ಜನವರಿ ಕಂತು ನಮಗೆ ಒಳ್ಳೆಯದು. ವಾರ ವಾರ ಅಸೈನ್‌ಮೆಂಟ್ ಸಲ್ಲಿಸಲು ಕೊನೆಯ ದಿನ ಇರುತ್ತದೆ, ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಓದಿದ್ದಕ್ಕೂ ಅಂಕ ಸಿಗುವುದಿಲ್ಲ. ಆ ಕ್ರೆಡಿಟ್ಟನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಸೇರುವ ಮೊದಲೇ ವಿಭಾಗದಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಳು ಸಿಗದ ಕಾಲದಲ್ಲಿ ಮನೆಯ ಮಕ್ಕಳು ಕಣಕ್ಕೆ ಇಳಿಯುವುದು ಸಹಜ, ಬೇಡ ಎನ್ನುವುದಿಲ್ಲ. ಆದರೆ ಕೊನೆಯ ವರ್ಷದ ಫೆಬ್ರವರಿಯಲ್ಲೇ ಜಾಮ್ ಪರೀಕ್ಷೆ ಇರುತ್ತದೆ. ಆ ಒಂದು ವರ್ಷ ಮಗನೋ ಮಗಳೋ ಜನವರಿಯಲ್ಲಿ ಕಣದಿಂದ ದೂರ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಜಾಮ್ ಎಂದರೆ ಐಐಟಿಗಳಲ್ಲಿ ಎಂ.ಎಸ್ಸಿ.ಗೆ, ಐಐಎಸ್ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೆ ದಾರಿಯಾಗುವ ಪರೀಕ್ಷೆ. 3 ಗಂಟೆ, 60 ಪ್ರಶ್ನೆ, 100 ಅಂಕ. ಒಂದೇ ಸರಿ ಉತ್ತರದ 30 ಪ್ರಶ್ನೆಗೆ 50 ಅಂಕ, ಇಲ್ಲಿ ಮಾತ್ರ ತಪ್ಪಿಗೆ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆ. ಒಂದಕ್ಕಿಂತ ಹೆಚ್ಚು ಸರಿ ಇರಬಹುದಾದ 10 ಪ್ರಶ್ನೆಗೆ 20 ಅಂಕ, ಎಲ್ಲ ಸರಿ ಆಯ್ಕೆಗಳನ್ನೂ ಗುರುತಿಸಿದರೆ ಮಾತ್ರ ಅಂಕ. ಸಂಖ್ಯೆ ಬರೆಯುವ 20 ಪ್ರಶ್ನೆಗೆ 30 ಅಂಕ. ಆ ಎರಡನೆಯ ಗುಂಪಿನಲ್ಲಿ ‘ಈ ಹೇಳಿಕೆಗಳಲ್ಲಿ ಯಾವುವು ಯಾವಾಗಲೂ ಸತ್ಯ’ ಎಂಬ ಧಾಟಿಯವೇ ಬಹಳ. ಅಲ್ಲಿ ಕೈ ಹಿಡಿಯುವುದು ನಿಮ್ಮ ಪ್ರತ್ಯುದಾಹರಣೆ ನೋಟ್‌ಬುಕ್. ಅರ್ಜಿ ಹಾಕುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಪರೀಕ್ಷೆಯ ಪಠ್ಯದಲ್ಲಿ ಅನುಕ್ರಮ, ಶ್ರೇಣಿ, ಬಹುಚರ ಕಲನ, ಅವಕಲ ಸಮೀಕರಣ, ಗ್ರೂಪ್ ಥಿಯರಿಯ ಜೊತೆ ಲೀನಿಯರ್ ಆಲ್ಜೀಬ್ರಾ ದೊಡ್ಡ ಭಾಗ. ಅದು ಕಾಲೇಜಿನಲ್ಲಿ ಆರನೇ ಸೆಮಿಸ್ಟರಿನಲ್ಲಿ ಶುರುವಾಗುವುದಾದರೆ, ಪಾಠ ಮುಗಿಯುವ ಮೊದಲೇ ಪರೀಕ್ಷೆ ಮುಗಿದಿರುತ್ತದೆ. ಮೊದಲ ವರ್ಷದ ಆ 40 ಗಂಟೆಯನ್ನು ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಅಲ್ಲಿ ಸಾಧನೆ ಬರೆಯಬೇಕು. ಸಂಶೋಧನೆಯ ಆಸೆ ಇರುವವರು 1993ರಿಂದ ನಡೆಯುತ್ತಿರುವ ಎಂಟಿಟಿಎಸ್ (ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಬೇಸಿಗೆ ಶಿಬಿರಕ್ಕೆ ಎರಡನೇ ವರ್ಷದಲ್ಲೇ ಅರ್ಜಿ ಹಾಕಿ. ಪ್ರಶ್ನೆ ಕೇಳಿ ಕೇಳಿ ಪಾಠ ಮಾಡುವ ಅದರ ರೀತಿಗೆ ಒಮ್ಮೆ ಒಡ್ಡಿಕೊಂಡವರು ಓದುವ ವಿಧಾನವೇ ಬದಲಾಗುತ್ತದೆ.

ಎಲ್ಲರೂ ಆ ದಾರಿ ಹಿಡಿಯಬೇಕಿಲ್ಲ. ಹೈಸ್ಕೂಲ್ ಶಿಕ್ಷಕರಾಗಲು ಪದವಿಯ ಮೇಲೆ ಎರಡು ವರ್ಷದ ಬಿ.ಇಡಿ. ನೇಮಕಾತಿಯಲ್ಲಿ ಪದವಿಯಲ್ಲಿ ಓದಿದ ವಿಷಯಗಳ ಜೋಡಣೆ ನೋಡುತ್ತಾರೆ, ಆದ್ದರಿಂದ ಭೌತಶಾಸ್ತ್ರ ಬಿಡುವ ಮೊದಲು ಹಿಂದಿನ ನೇಮಕಾತಿ ಅಧಿಸೂಚನೆ ಓದಿ. ಪದವಿ ಕಾಲೇಜಿನ ಬೋಧಕರಾಗಲು ಎಂ.ಎಸ್ಸಿ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಕಂಪ್ಯೂಟರ್ ಕಡೆಗೆ ಮನಸ್ಸಿದ್ದರೆ ಎಂ.ಸಿ.ಎ.; ಅವರಿಗೆ ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಡಿಸ್ಕ್ರೀಟ್ ಗಣಿತ ಕೆಂಪು ಗುರುತಿನವು. ಜೊತೆ ವಿಷಯ ಆರಿಸುವಾಗ ನಮ್ಮ ಅಭಿಪ್ರಾಯ: ಹತ್ತಿರದ ಕಾಲೇಜಿನಲ್ಲಿ ಸಂಖ್ಯಾಸಂಗ್ರಹಣ ಶಾಸ್ತ್ರ, ಅಂದರೆ ಸ್ಟ್ಯಾಟಿಸ್ಟಿಕ್ಸ್ ಸಿಕ್ಕರೆ ಅದನ್ನು ಗಂಭೀರವಾಗಿ ಯೋಚಿಸಿ. ಸಿಗದಿದ್ದರೆ ಕಂಪ್ಯೂಟರ್ ಸೈನ್ಸ್ ಅಥವಾ ಭೌತಶಾಸ್ತ್ರ, ಯಾವುದು ಇಷ್ಟವೋ ಅದು. ಎರಡು ವಿಜ್ಞಾನ ವಿಷಯದ ಲ್ಯಾಬ್ ಜೊತೆ ಗಣಿತದ ಲ್ಯಾಬ್ ಸೇರಿ ವಾರದಲ್ಲಿ ಮೂರು ಮಧ್ಯಾಹ್ನ ಹೋಗುತ್ತವೆ, ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳಿ.

ಗಣಿತದ ಲ್ಯಾಬ್ ಬಗ್ಗೆ ಉದಾಸೀನ ಬೇಡ. ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್ ಮೂರೂ ಉಚಿತ. ರೆಕಾರ್ಡ್‌ಗೆ ಕೋಡ್ ನಕಲು ಮಾಡುವುದು ಬಿಟ್ಟು ಸಣ್ಣ ಪ್ರಯೋಗ ಮಾಡಿ. 1, 1/2, 1/3 ಹೀಗೆ 1,000 ಪದ ಕೂಡಿದರೆ ಸುಮಾರು 7.49. ಹತ್ತು ಲಕ್ಷ ಪದ ಕೂಡಿದರೂ ಸುಮಾರು 14.39. ಪರದೆ ನೋಡಿದವರು ಇದು ಎಲ್ಲೋ ನಿಲ್ಲುತ್ತದೆ ಎನ್ನುತ್ತಾರೆ. 1/3 ಮತ್ತು 1/4 ಸೇರಿ ಅರ್ಧಕ್ಕಿಂತ ಹೆಚ್ಚು, ಮುಂದಿನ ನಾಲ್ಕು ಪದ ಸೇರಿ ಮತ್ತೆ ಅರ್ಧಕ್ಕಿಂತ ಹೆಚ್ಚು, ಮುಂದಿನ ಎಂಟೂ ಹಾಗೆಯೇ ಎಂದು ಗುಂಪು ಮಾಡಿದವರಿಗೆ ಇದು ನಿಲ್ಲುವುದೇ ಇಲ್ಲ ಎಂದು ಗೊತ್ತು. ಸಾಧನೆ ಏಕೆ ಬೇಕು ಎಂದು ಕೇಳುವವರನ್ನು ನಾವು ಲ್ಯಾಬಿಗೇ ಕರೆದೊಯ್ಯುತ್ತೇವೆ.

ಕೊನೆಗೆ ಒಂದು ಪ್ರಶ್ನೆ ಬಂದಿತ್ತು, ಕನ್ನಡ ಮಾಧ್ಯಮದಿಂದ ಬಂದವರು ಏನು ಮಾಡಬೇಕು ಎಂದು. ಗಣಿತದ ಇಂಗ್ಲಿಷ್‌ನಲ್ಲಿ ಬೇಕಾದ ಪದಗಳು ಕಡಿಮೆ. ಇಫ್, ಓನ್ಲಿ ಇಫ್, ಫಾರ್ ಎವ್ರಿ, ದೇರ್ ಎಕ್ಸಿಸ್ಟ್ಸ್, ಸಚ್ ದಟ್, ಅಟ್ ಮೋಸ್ಟ್, ಅಟ್ ಲೀಸ್ಟ್, ಯುನೀಕ್, ಇಂಥವು ಮೂವತ್ತು-ನಲವತ್ತು. ನೋಟ್‌ಬುಕ್ಕಿನ ಪುಟವನ್ನು ಮೂರು ಕಂಬ ಮಾಡಿ: ಮೊದಲನೆಯದರಲ್ಲಿ ವ್ಯಾಖ್ಯೆ ಪುಸ್ತಕದಲ್ಲಿದ್ದ ಹಾಗೆ, ಎರಡನೆಯದರಲ್ಲಿ ಅದೇ ವ್ಯಾಖ್ಯೆ ನಿಮ್ಮ ಕನ್ನಡದಲ್ಲಿ, ಮೂರನೆಯದರಲ್ಲಿ ವ್ಯಾಖ್ಯೆಗೆ ಹೊಂದುವ ಒಂದು ಉದಾಹರಣೆ, ಹೊಂದದ ಒಂದು ಉದಾಹರಣೆ. ‘ಇಫ್’ ಮತ್ತು ‘ಓನ್ಲಿ ಇಫ್’ ಮೊದಲ ವಾರವೇ ಮುಗಿಸಿಕೊಳ್ಳಿ. ‘ಮಳೆ ಬಂದರೆ ರಜೆ’ ಮತ್ತು ‘ಮಳೆ ಬಂದರೆ ಮಾತ್ರ ರಜೆ’ ನಡುವಿನ ವ್ಯತ್ಯಾಸ ನಿಮಗೆ ಗೊತ್ತಿದೆ. ಮಳೆಯಿಲ್ಲದ ಭಾನುವಾರದ ರಜೆ ಎರಡನೇ ವಾಕ್ಯವನ್ನು ಸುಳ್ಳು ಮಾಡುತ್ತದೆ, ಮೊದಲನೆಯದನ್ನು ಮುಟ್ಟುವುದಿಲ್ಲ. ಮೂರನೇ ಕಂಬ ಖಾಲಿ ಉಳಿದ ವ್ಯಾಖ್ಯೆ ಯಾವುದಿದೆಯೋ ಅದನ್ನು ಮರುದಿನ ವಿಭಾಗಕ್ಕೆ ತೆಗೆದುಕೊಂಡು ಹೋಗಿ ಕೇಳಿ.